ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿನ ಎಂಜಿನ್ ಕೈಕೊಟ್ಟಾಗ: ವಾರಂಟಿ ತಕರಾರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಕ್ಟೇವಿಯಾ ವಿಆರ್‌ಎಸ್, ಪೋಲೊ ಜಿಟಿಐ, ಮಿನಿ ಕೂಪರ್ ಎಸ್, ಬಿಎಂಡಬ್ಲ್ಯು ಎಂ340ಐ, ಪೋರ್ಷೆ ಬಾಕ್ಸ್‌ಸ್ಟರ್. ಇಂಥ ಕಾರಿಗೆ ಎಂಜಿನ್ ಕೆಲಸ ಬಂತೆಂದರೆ ಬಿಲ್ಲು ಲಕ್ಷಗಳಲ್ಲೇ. ಮಾರಿದವರು "ನಾವು ಕೊಟ್ಟಾಗ ಚೆನ್ನಾಗಿತ್ತು" ಅನ್ನುತ್ತಾರೆ, ವಾರಂಟಿ ಕಂಪನಿ "ಇದು ಸವಕಳಿ" ಅನ್ನುತ್ತದೆ. ಜಗಳವೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಕಾರು ನಿಮ್ಮ ಕೈಗೆ ಬಂದ ದಿನ ಈ ದೋಷ ಅದರೊಳಗೆ ಇತ್ತೇ, ಇರಲಿಲ್ಲವೇ? ಕೆಳಗಿನ ಉತ್ತರಗಳು ಮುಖ್ಯವಾಗಿ ಕರ್ನಾಟಕದಲ್ಲಿ ಕಾರು ಕೊಂಡವರಿಗೆ.

ಕಾರು ತಂದು ಎರಡು ವಾರವಾಯಿತು. ಚೆಕ್ ಎಂಜಿನ್ ದೀಪ ಹತ್ತಿದೆ, ಎಂಜಿನ್ ಅದುರುತ್ತಿದೆ. ಮೊದಲು ಏನು ಮಾಡಬೇಕು?

ಓಡಿಸುವುದನ್ನು ನಿಲ್ಲಿಸಿ. ದೀಪ ಹತ್ತಿದ ಮೇಲೂ ನೂರಿನ್ನೂರು ಕಿಲೋಮೀಟರ್ ಓಡಿಸಿದರೆ "ಚಿಕ್ಕ ತೊಂದರೆಯನ್ನು ದೊಡ್ಡದು ಮಾಡಿಕೊಂಡವರು ನೀವೇ" ಎಂಬ ಮಾತಿಗೆ ನೀವೇ ಆಧಾರ ಒದಗಿಸಿದಂತಾಗುತ್ತದೆ. ವಾರಂಟಿ ತಿರಸ್ಕಾರದ ಪತ್ರಗಳಲ್ಲಿ ಹೆಚ್ಚಾಗಿ ಕಾಣುವ ಕಾರಣಗಳಲ್ಲಿ ಇದೂ ಒಂದು. ದೀಪ ಮಿನುಗುತ್ತಿದ್ದರೆ ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ತೀವ್ರವಾಗಿದೆ, ಸುಡದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸುಡುತ್ತದೆ. ಆಯಿಲ್ ಪ್ರೆಶರ್‌ನ ಕೆಂಪು ದೀಪವಾದರೆ ಆ ಕ್ಷಣವೇ ಎಂಜಿನ್ ಆಫ್ ಮಾಡಿ. ಬೇರಿಂಗ್ ಹೋಗಲು ಕೆಲವು ನಿಮಿಷ ಸಾಕು.

ನಿಂತ ಜಾಗದಲ್ಲೇ ಡ್ಯಾಶ್‌ಬೋರ್ಡ್ ಫೋಟೊ ತೆಗೆಯಿರಿ, ಓಡೋಮೀಟರ್ ಕಾಣುವಂತೆ. ಶಬ್ದ ಬರುತ್ತಿದ್ದರೆ ವಿಡಿಯೊ ಮಾಡಿ. ಬಾನೆಟ್ ಎತ್ತಿ, ಅರ್ಧ ನಿಮಿಷ ಸಾಕು. ಆಯಿಲ್ ಡಿಪ್‌ಸ್ಟಿಕ್ಕಿನ ಫೋಟೊ, ಕೂಲೆಂಟ್ ಟ್ಯಾಂಕಿನ ಮಟ್ಟದ ಫೋಟೊ ಕೂಡ ಬೇಕು. ಈಚಿನ ಹಲವು ಬಿಎಂಡಬ್ಲ್ಯುಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ, ಅಲ್ಲಿ ಸ್ಕ್ರೀನಿನಲ್ಲಿ ತೋರಿಸುವ ಮಟ್ಟದ ಫೋಟೊ ಸಾಕು. ಕಾರನ್ನು ಫ್ಲಾಟ್‌ಬೆಡ್ ಮೇಲೆ ಸಾಗಿಸಿ, ಟೋ ರಸೀದಿ ಇಟ್ಟುಕೊಳ್ಳಿ. ಮಾರಿದವರಿಗೂ ವಾರಂಟಿ ಕೊಟ್ಟವರಿಗೂ ಅದೇ ದಿನ ಇಮೇಲ್ ಹೋಗಲಿ. ಫೋನಿನಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲ. ಫೋನ್ ಮಾಡಿದರೂ "ಈಗ ಮಾತಾಡಿದಂತೆ" ಎಂದು ಒಂದು ಸಾಲು ಬರೆದು ಕಳಿಸಿ.

ಪರಿಚಯದ ಮೆಕ್ಯಾನಿಕ್ ಸ್ಕ್ಯಾನ್ ಮಾಡಿ ಕೋಡ್ ಅಳಿಸಿಕೊಡುತ್ತೇನೆ ಅಂದರು. ಮಾಡಿಸಲೇ?

ಸ್ಕ್ಯಾನ್ ಮಾಡಿಸಿ, ಅಳಿಸಲು ಮಾತ್ರ ಬಿಡಬೇಡಿ. ಕೋಡ್ ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಸಂಖ್ಯೆ. ಅದರ ಜೊತೆಗೆ ಫ್ರೀಜ್ ಫ್ರೇಮ್ ಎಂಬ ದಾಖಲೆ ಇರುತ್ತದೆ: ದೋಷ ಬಂದಾಗ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಬಿಸಿ ಎಷ್ಟಿತ್ತು, ಲೋಡ್ ಎಷ್ಟಿತ್ತು ಎಂದೆಲ್ಲ. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಅದಕ್ಕೆ ಓಡೋಮೀಟರ್ ಅಂಕಿಯೂ ಸೇರಿರುತ್ತದೆ. ಕೋಡ್ ಅಳಿಸಿದರೆ ಅದೆಲ್ಲ ಹೋಯಿತು.

ಇನ್ನೊಂದು ಅಂಕಿಯನ್ನು ಕೇಳಿ ಬರೆಸಿಕೊಳ್ಳಿ. ಬಹುಪಾಲು ಒಬಿಡಿ (ಕಾರಿನ ಕಂಪ್ಯೂಟರಿಗೆ ಜೋಡಿಸಿ ದೋಷ ಓದುವ) ಸ್ಕ್ಯಾನರುಗಳು "ಕೋಡ್ ಅಳಿಸಿದ ಮೇಲೆ ಓಡಿದ ದೂರ" ತೋರಿಸುತ್ತವೆ. ನೀವು ಕಾರು ತಂದು 400 ಕಿಲೋಮೀಟರ್ ಓಡಿಸಿದ್ದೀರಿ, ಸ್ಕ್ಯಾನರಿನಲ್ಲಿ 430 ಎಂದು ಬಂತು ಎಂದುಕೊಳ್ಳಿ. ಅಂದರೆ ಮಾರುವ ಮೊದಲು ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಇದೊಂದರಿಂದಲೇ ಮೋಸ ಸಾಬೀತಾಗುವುದಿಲ್ಲ, ಆದರೆ ವಿವರಣೆ ಕೊಡುವ ಭಾರ ಅವರ ಕಡೆ ವಾಲುತ್ತದೆ. ಸ್ಕ್ಯಾನ್ ವರದಿಯಲ್ಲಿ ದಿನಾಂಕ, ಚಾಸಿಸ್ ನಂಬರ್, ಓಡೋಮೀಟರ್ ಮೂರೂ ಇರಬೇಕು.

ಓಡೋಮೀಟರ್ ತಿರುಗಿಸಿದ ಅನುಮಾನವಿದ್ದರೆ ಗೇರ್‌ಬಾಕ್ಸ್, ಎಬಿಎಸ್ ಮಾಡ್ಯೂಲುಗಳನ್ನೂ ಓದಿಸಿ. ಡ್ಯಾಶ್‌ಬೋರ್ಡಿನ ಮೀಟರ್ ಕ್ಲಸ್ಟರ್ ಒಂದನ್ನು ತಿದ್ದಿ ಉಳಿದವನ್ನು ಮರೆಯುವವರೇ ಜಾಸ್ತಿ.

ನನ್ನ ಬಳಿ ಇರುವ 'ವಾರಂಟಿ' ನಿಜವಾಗಿ ಯಾವುದು ಎಂದು ಹೇಗೆ ತಿಳಿಯುವುದು?

ಕಾಗದದ ಕೊನೆಯಲ್ಲಿ ಯಾರ ಸಹಿ, ಯಾರ ವಿಳಾಸ ಇದೆ ನೋಡಿ. ತಯಾರಕರ ಮೂಲ ವಾರಂಟಿ ಇನ್ನೂ ಉಳಿದಿದ್ದರೆ ಅದು ಸಾಮಾನ್ಯವಾಗಿ ಕಾರಿನ ಜೊತೆಗೇ ಬರುತ್ತದೆ. ಎಕ್ಸ್‌ಟೆಂಡೆಡ್ ವಾರಂಟಿ ಹಾಗಲ್ಲ. ಎಷ್ಟೋ ಯೋಜನೆಗಳಲ್ಲಿ ಹೊಸ ಮಾಲೀಕರ ಹೆಸರಿಗೆ ಅರ್ಜಿ ಕೊಟ್ಟು ವರ್ಗಾಯಿಸಿಕೊಳ್ಳಬೇಕು, ಗಡುವೂ ಇರುತ್ತದೆ. ಬಿಎಂಡಬ್ಲ್ಯು ಪ್ರೀಮಿಯಂ ಸೆಲೆಕ್ಷನ್, ಆಡಿ ಅಪ್ರೂವ್ಡ್ ಪ್ಲಸ್, ಪೋರ್ಷೆ ಅಪ್ರೂವ್ಡ್‌ನಂಥ, ಕಂಪನಿಯ ಹೆಸರಿನಲ್ಲೇ ಹಳೆಯ ಕಾರು ಮಾರುವ ಯೋಜನೆಗಳಲ್ಲಿ ತಪಾಸಣೆಯ ಪಟ್ಟಿಯೇ ಇರುತ್ತದೆ, ಪೋರ್ಷೆಯದು 111 ಅಂಶಗಳದ್ದು. ಆ ಪಟ್ಟಿಯ ಪ್ರತಿ ಕೇಳಿ ಪಡೆಯಿರಿ. ಎಂಜಿನ್ ಸಾಲಿನಲ್ಲಿ ಟಿಕ್ ಹಾಕಿದವರು ಮುಂದೆ ಉತ್ತರ ಕೊಡಬೇಕಾಗುತ್ತದೆ.

ತಕರಾರು ಹೆಚ್ಚು ಹುಟ್ಟುವುದು ಇನ್ನೊಂದು ಬಗೆಯಲ್ಲಿ. ಹಲವು ಬ್ರ್ಯಾಂಡ್ ಮಾರುವ ಡೀಲರ್ ಕೊಡುವ ಆರು ತಿಂಗಳ ಅಥವಾ ಒಂದು ವರ್ಷದ 'ವಾರಂಟಿ' ಬಹಳ ಸಲ ಬೇರೊಂದು ಕಂಪನಿಯ ಸೇವಾ ಒಪ್ಪಂದ. ಅದರಲ್ಲಿ ನಾಲ್ಕು ಕಡೆ ಬೆರಳಿಟ್ಟು ಓದಿ: ಕಾಯುವ ಅವಧಿ ಇದೆಯೇ, ಒಂದು ಕ್ಲೇಮಿಗೆ ಗರಿಷ್ಠ ಎಷ್ಟು, ಯಾವ ಭಾಗಗಳು ಹೆಸರು ಹಿಡಿದು ಸೇರಿವೆ, ಎಂಜಿನ್ ಬಿಚ್ಚುವ ಖರ್ಚು ಯಾರದು. 'ಎಂಜಿನ್ ಕವರ್ ಇದೆ' ಎಂದು ಶೋರೂಮಿನಲ್ಲಿ ಹೇಳಿರುತ್ತಾರೆ. ಕಾಗದದಲ್ಲಿ ನೋಡಿದರೆ ಆಯಿಲ್‌ನಲ್ಲಿ ಮುಳುಗಿರುವ ಒಳಭಾಗಗಳಿಗೆ ಮಾತ್ರ, ಟರ್ಬೊ ಇಲ್ಲ, ಇಂಜೆಕ್ಟರ್ ಇಲ್ಲ, ಹೈ ಪ್ರೆಶರ್ ಪಂಪ್ ಇಲ್ಲ. ಟರ್ಬೊ ಕಾರಿಗೆ ಇಂಥ ಕವರು ಇದ್ದೂ ಇಲ್ಲದಂತೆ.

ವಾರಂಟಿ ಇಲ್ಲವೆಂದರೆ, ಅಥವಾ ಮುಗಿದಿದ್ದರೆ, ಡೀಲರ್ ಮೇಲೆ ಹಕ್ಕೇ ಇಲ್ಲವೇ?

ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ದೋಷ'ವನ್ನು ವಾರಂಟಿ ಕಾಗದಕ್ಕೆ ಕಟ್ಟಿಹಾಕಿಲ್ಲ. ಒಪ್ಪಂದದಲ್ಲಿ ಇದ್ದುದಕ್ಕೆ, ಅಥವಾ ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡಿದ್ದಕ್ಕೆ ವಸ್ತು ಸಮನಾಗಿಲ್ಲದಿದ್ದರೂ ಅದು ದೋಷವೇ. ಆದ್ದರಿಂದ ಜಾಹೀರಾತನ್ನು ಸ್ಕ್ರೀನ್‌ಶಾಟ್ ತೆಗೆದಿಡಿ: 'ಎಂಜಿನ್ ಮಿಂಟ್ ಕಂಡಿಷನ್', 'ನಾನ್ ಆ್ಯಕ್ಸಿಡೆಂಟ್', 'ಪೂರ್ತಿ ಸರ್ವಿಸ್ ಹಿಸ್ಟರಿ'. ಕಾರು ಮಾರಾಟವಾದ ಕೂಡಲೇ ಜಾಹೀರಾತು ಮಾಯವಾಗುತ್ತದೆ.

ಹಾಗೆಂದು ತುಂಬ ಹಿಗ್ಗಬೇಡಿ. ನಮ್ಮಲ್ಲಿ ಕಾರು ಇಷ್ಟವಾಗದಿದ್ದರೆ ಇಷ್ಟು ದಿನದೊಳಗೆ ವಾಪಸ್ ಕೊಡಬಹುದು ಎಂಬ ಕಾನೂನಿಲ್ಲ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಕಾಯ್ದೆ ಹೇಳುತ್ತದೆ. ಇದನ್ನೇ '30 ದಿನದ ರಿಟರ್ನ್' ಎಂದು ಓದಿಕೊಳ್ಳುವವರಿದ್ದಾರೆ. ಅಲ್ಲ, ದೋಷವನ್ನು ಮೊದಲು ನೀವು ತೋರಿಸಬೇಕು.

ಬಿಲ್ಲಿನಲ್ಲಿ 'ಇರುವ ಸ್ಥಿತಿಯಲ್ಲಿ ಮಾರಲಾಗಿದೆ' ಎಂದು ಬರೆದು ಸಹಿ ಹಾಕಿಸಿಕೊಂಡಿದ್ದಾರೆ.

ಕಣ್ಣಿಗೆ ಕಾಣುವ ಗೀರು, ಸವೆದ ಟೈರು, ಹಳೆಯ ಬ್ಯಾಟರಿ ಇವಕ್ಕೆಲ್ಲ ಆ ಸಾಲು ಅನ್ವಯಿಸುತ್ತದೆ. ಗೊತ್ತಿದ್ದೂ ಮುಚ್ಚಿಟ್ಟ ದೋಷಕ್ಕೆ ಅನ್ವಯಿಸುವುದಿಲ್ಲ. 1872ರ ಒಪ್ಪಂದ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ವಂಚನೆ. ಡೀಲರಿಗೆ ಗೊತ್ತಿತ್ತೆಂದು ತೋರಿಸಲು ಸುಲಭದ ದಾರಿ ಹಳೆಯ ಜಾಬ್ ಕಾರ್ಡ್, ಅಂದರೆ ಸರ್ವಿಸ್ ಸೆಂಟರಿನವರು ಕಾರಿನ ಕೆಲಸ ಬರೆದಿಡುವ ಚೀಟಿ. ಅಧಿಕೃತ ಸರ್ವಿಸ್ ಸೆಂಟರಿಗೆ ಚಾಸಿಸ್ ನಂಬರ್ ಮತ್ತು ನಿಮ್ಮ ಹೆಸರಿನ ಆರ್‌ಸಿ ಕೊಟ್ಟು ಹಿಂದಿನ ಸರ್ವಿಸ್ ದಾಖಲೆ ಕೇಳಿ. 'ಟೈಮಿಂಗ್ ಚೈನ್ ಶಬ್ದ, ಗ್ರಾಹಕರು ಕೆಲಸ ಬೇಡವೆಂದರು' ಎಂಬಂಥ ಒಂದು ಸಾಲು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಒಪ್ಪಂದದ ಷರತ್ತೇ ಅನ್ಯಾಯದ್ದು ಎಂದು ರದ್ದು ಕೋರಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಆ ಅಧಿಕಾರವಿಲ್ಲ, ರಾಜ್ಯ ಗ್ರಾಹಕ ಆಯೋಗಕ್ಕೆ ಹೋಗಬೇಕು. ಆ ದಾರಿ ಹಿಡಿಯುವ ಅಗತ್ಯ ಬಹುಪಾಲು ಜನರಿಗೆ ಬೀಳುವುದಿಲ್ಲ.

ದೋಷ ಹಳೆಯದು ಎಂದು ತಾಂತ್ರಿಕವಾಗಿ ತೋರಿಸುವುದು ಹೇಗೆ?

ಇಡೀ ತಕರಾರಿನ ಜೀವ ಇಲ್ಲೇ ಇರುವುದು. ಕೆಲವು ದೋಷಗಳು ಎರಡು ವಾರದಲ್ಲಿ ಹುಟ್ಟಲಾರವು.

ಟೈಮಿಂಗ್ ಚೈನ್ (ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಸರಪಳಿ) ಉದ್ದವಾಗಲು ಹತ್ತಾರು ಸಾವಿರ ಕಿಲೋಮೀಟರ್ ಬೇಕು. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಮೂರು ಸೆಕೆಂಡ್ ಗರಗರ ಶಬ್ದ, ಪಿ0016 ಕೋಡ್ ಇವೆರಡೂ ಇದ್ದರೆ ಚೈನ್, ಟೆನ್ಷನರ್ ಕಡೆ ಬೊಟ್ಟು ಮಾಡುತ್ತವೆ. ಫೋಕ್ಸ್‌ವ್ಯಾಗನ್ ಗುಂಪಿನ ಮೊದಮೊದಲ ಇಎ888, ಬಿಎಂಡಬ್ಲ್ಯು ಎನ್20, ಮಿನಿಯ ಎನ್14 ಎಂಜಿನ್‌ಗಳಲ್ಲಿ ಇದು ಹೆಸರಾದ ದುರ್ಬಲ ಜಾಗ. ವಾಲ್ವ್ ಕವರ್ ಬಿಚ್ಚಿದಾಗ ಕಪ್ಪು ಕೆಸರು ಕಂಡರೆ ಆಯಿಲ್ ಬದಲಾವಣೆ ಎಷ್ಟೋ ಸಲ ತಪ್ಪಿದೆ ಎಂದರ್ಥ. 911 ಮತ್ತು ಬಾಕ್ಸ್‌ಸ್ಟರಿನ ಎಂ96, ಎಂ97 ಎಂಜಿನ್‌ಗಳಲ್ಲಿ ಸಿಲಿಂಡರ್ ಗೋಡೆಯ ಗೀರುಗಳನ್ನು ಬೋರೊಸ್ಕೋಪಿನಲ್ಲಿ (ತೂತಿನೊಳಗೆ ಇಳಿಸುವ ಸಣ್ಣ ಕ್ಯಾಮೆರಾ) ನೋಡಬಹುದು. ಸ್ಪಾರ್ಕ್ ಪ್ಲಗ್ ತೂತಿನಿಂದ ನೋಡಿದರೆ ಸಾಲದು, ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ತೆಗೆದು ಕೆಳಗಿನಿಂದಲೂ ನೋಡಬೇಕು.

ನೀರು ಕುಡಿದ ಎಂಜಿನ್ ಬೇರೆಯದೇ ಗುರುತು ಬಿಡುತ್ತದೆ. ತುಂಬಿದ ಅಂಡರ್‌ಪಾಸಿನಲ್ಲಿ ಏರ್ ಫಿಲ್ಟರ್ ಮೂಲಕ ನೀರು ಸಿಲಿಂಡರಿಗೆ ಹೋದರೆ ಕನೆಕ್ಟಿಂಗ್ ರಾಡ್ ಸ್ವಲ್ಪ ಬಾಗುತ್ತದೆ. ಪ್ಲಗ್ ಬಿಚ್ಚಿ ನೀರು ತೆಗೆದರೆ ಎಂಜಿನ್ ಮತ್ತೆ ಸ್ಟಾರ್ಟ್ ಆಗಿ ವಾರಗಟ್ಟಲೆ ಓಡಿ, ಆಮೇಲೆ ರಾಡ್ ಮುರಿದು ಬ್ಲಾಕ್ ಒಡೆಯಬಹುದು. ಅಷ್ಟರಲ್ಲಿ ಮಾಲೀಕರು ಬದಲಾಗಿರುತ್ತಾರೆ. ಬಾಗಿದ ರಾಡಿನ ಪಿಸ್ಟನ್ ಪೂರ್ತಿ ಮೇಲಕ್ಕೆ ಬರುವುದಿಲ್ಲವಾದ್ದರಿಂದ ಆ ಸಿಲಿಂಡರಿನ ಮೇಲಂಚಿನ ಕಾರ್ಬನ್ ಪಟ್ಟಿ ಉಳಿದವುಗಳಿಗಿಂತ ಅಗಲವಾಗಿರುತ್ತದೆ. ನಾಲ್ಕೂ ಸಿಲಿಂಡರುಗಳ ಪಟ್ಟಿಯ ಪಕ್ಕ ಸ್ಕೇಲ್ ಹಿಡಿದು ಫೋಟೊ ತೆಗೆಸಿ. ಪಟ್ಟಿ ಕಟ್ಟಲು ಸಮಯ ಬೇಕು, ಹಾಗಾಗಿ ಇದು ಬಲವಾದ ಸಾಕ್ಷಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆ ಮುಳುಗಿದ್ದು ನೆನಪಿರಬಹುದು. ಆ ಭಾಗದಲ್ಲಿದ್ದ ಕಾರಾದರೆ ಸೀಟ್‌ಬೆಲ್ಟನ್ನು ಪೂರ್ತಿ ಎಳೆದು ಮಣ್ಣಿನ ಗೆರೆ ಇದೆಯೇ, ಸೀಟಿನ ಹಳಿ ತುಕ್ಕು ಹಿಡಿದಿದೆಯೇ ನೋಡಿ.

ಅಳತೆಯ ಪರೀಕ್ಷೆಗಳು ಎರಡು. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯನ್ನು ಎಂಜಿನ್ ಬಿಸಿಯಾಗಿರುವಾಗ, ಎಲ್ಲ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಬ್ಯಾಟರಿ ಚಾರ್ಜ್ ಇರುವಾಗ ಮಾಡಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಎದುರಿನವರು ವರದಿಯನ್ನೇ ಹರಿದುಹಾಕುತ್ತಾರೆ. ಸಿಲಿಂಡರುಗಳ ನಡುವೆ ಶೇ. 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಲೀಕ್‌ಡೌನ್ ಮಾಡಿಸಿ, ಅಂದರೆ ಸಿಲಿಂಡರಿಗೆ ಗಾಳಿ ತುಂಬಿ ಅದು ಎಲ್ಲಿಂದ ಸೋರುತ್ತದೆ ಎಂದು ನೋಡುವ ಪರೀಕ್ಷೆ. ಗಾಳಿ ಆಯಿಲ್ ಮುಚ್ಚಳದಿಂದ ಬಂದರೆ ರಿಂಗ್, ಸೈಲೆನ್ಸರಿನಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್.

ಹಳೆಯ ಆಯಿಲ್ ಫಿಲ್ಟರನ್ನು ಎಸೆಯಲು ಬಿಡಬೇಡಿ. ಕತ್ತರಿಸಿ, ಮಡಿಕೆ ಬಿಡಿಸಿ, ಬಿಳಿ ಕಾಗದದ ಮೇಲೆ ಹರಡಿ ಬೆಳಕಿಗೆ ಹಿಡಿಯಿರಿ. ಅಯಸ್ಕಾಂತಕ್ಕೆ ಅಂಟುವ ಚೂರು ಕಬ್ಬಿಣ, ಅಂದರೆ ಚೈನ್, ಕ್ಯಾಮ್ ಕಡೆಯದು. ಅಂಟದೆ ತಾಮ್ರದ ಬಣ್ಣದಲ್ಲಿ ಹೊಳೆಯುವುದು ಬೇರಿಂಗಿನದು. ಆಯಿಲ್ ಇಳಿಸುವಾಗ ಮೊದಲ ಧಾರೆ ಬಿಟ್ಟು ನಡುವಿನ ಧಾರೆಯಿಂದ ಸುಮಾರು 100 ಮಿಲಿ ಶುಭ್ರ ಬಾಟಲಿಗೆ ಹಿಡಿದು, ಸೀಲ್ ಮಾಡಿ ಇಬ್ಬರೂ ಸಹಿ ಹಾಕಿ. ಲ್ಯಾಬಿನಲ್ಲಿ ಸಿಲಿಕಾನ್ ಹೆಚ್ಚು ಬಂದರೆ ಧೂಳು ಒಳಹೋಗಿದೆ, ಗ್ಲೈಕಾಲ್ ಬಂದರೆ ಕೂಲೆಂಟ್ ಬೆರೆತಿದೆ.

ಆಯಿಲ್ ಕುಡಿಯುತ್ತಿದೆ. 'ಟರ್ಬೊ ಎಂಜಿನ್ ಅಂದರೆ ಹಾಗೇ' ಅನ್ನುತ್ತಾರೆ.

ಸ್ವಲ್ಪ ಮಟ್ಟಿಗೆ ನಿಜ. ಸ್ಕೋಡಾ ಮಾಲೀಕರ ಕೈಪಿಡಿಯೇ 1000 ಕಿಲೋಮೀಟರಿಗೆ 0.5 ಲೀಟರ್‌ವರೆಗೆ ಆಗಬಹುದು ಎನ್ನುತ್ತದೆ. ಅದಕ್ಕಿಂತ ಹೆಚ್ಚು ಎಂದು ಹೇಳುವವರು ಅಳೆದು ತೋರಿಸಬೇಕು. ಸರ್ವಿಸ್ ಸೆಂಟರಿನಲ್ಲೇ ಮ್ಯಾಕ್ಸ್ ಗೆರೆಯವರೆಗೆ ಆಯಿಲ್ ಹಾಕಿಸಿ, ಡ್ರೈನ್ ಬೋಲ್ಟ್ ಮೇಲೆ ಬಣ್ಣದ ಗುರುತು, ಮುಚ್ಚಳಕ್ಕೆ ಸೀಲ್ ಹಾಕಿಸಿ, 1000 ಕಿಲೋಮೀಟರ್ ಓಡಿಸಿ, ಅದೇ ಜಾಗದಲ್ಲಿ ಅದೇ ಮಟ್ಟಕ್ಕೆ ಬರಲು ಎಷ್ಟು ಮಿಲಿ ಬೇಕಾಯಿತು ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಮನೆಯಲ್ಲಿ ಅಂದಾಜಿಗೆ ಹಾಕಿದ್ದು ಯಾವ ಕಡೆಯೂ ನಡೆಯುವುದಿಲ್ಲ. ಆಯಿಲ್ ಪ್ರೆಶರ್ ಎಚ್ಚರಿಕೆ ಬರುತ್ತಿರುವ ಕಾರಿಗೆ ಈ ಪರೀಕ್ಷೆ ಬೇಡ.

ಎಂಜಿನ್ ಬಿಚ್ಚದೆ ಹೇಳಲಾಗದು, ಬಿಚ್ಚಲು ಒಪ್ಪಿಗೆ ಕೊಡಿ ಅನ್ನುತ್ತಿದ್ದಾರೆ. ಕೊಡಲೇ?

ಷರತ್ತಿಲ್ಲದೆ ಕೊಡಬೇಡಿ. ಒಮ್ಮೆ ಬಿಚ್ಚಿದ ಎಂಜಿನ್ ಮೊದಲು ಹೇಗಿತ್ತೆಂದು ಯಾರೂ ಹೇಳಲಾರರು. ಕ್ಲೇಮ್ ತಿರಸ್ಕಾರವಾದರೆ ಬಿಚ್ಚಿದ ಕೂಲಿಯೂ ನಿಮ್ಮ ಮೇಲೆಯೇ, ಕಾರು ಚೂರುಚೂರಾಗಿ ಟ್ರೇಯಲ್ಲಿ. ಎಲ್ಲರಿಗೂ ಹೀಗೆ ಬರೆಯಿರಿ:

"ನನ್ನ ಕಾರಿನ ಎಂಜಿನ್ ತಪಾಸಣೆಗಾಗಿ ಬಿಚ್ಚಲು ಈ ಷರತ್ತುಗಳ ಮೇಲೆ ಒಪ್ಪಿದ್ದೇನೆ. ಮಾರಾಟಗಾರರ ಮತ್ತು ವಾರಂಟಿ ಕಂಪನಿಯ ಪ್ರತಿನಿಧಿ ಹಾಗೂ ನನ್ನ ಕಡೆಯ ಸರ್ವೇಯರ್ ಎದುರಿನಲ್ಲೇ ಬಿಚ್ಚಬೇಕು. ಪ್ರತಿ ಹಂತದ ಫೋಟೊ ತೆಗೆಯಬೇಕು. ತೆಗೆದ ಭಾಗಗಳನ್ನು ಗುರುತು ಹಾಕಿ ತಕರಾರು ಮುಗಿಯುವವರೆಗೆ ಇಡಬೇಕು. ದೋಷ ಕವರಿನಲ್ಲಿ ಬಂದರೆ ಬಿಚ್ಚುವ ಖರ್ಚು ನಿಮ್ಮದು. ದಿನಾಂಕವನ್ನು 7 ದಿನ ಮುಂಚೆ ತಿಳಿಸಬೇಕು."

ಬರುವುದಿಲ್ಲ ಎಂದರೆ ಒಳ್ಳೆಯದೇ. ಕರೆದರೂ ಬರಲಿಲ್ಲ ಎಂಬುದು ನಿಮ್ಮ ಕಡತದಲ್ಲಿ ಇರುತ್ತದೆ. ವಿಮಾ ನಿಯಂತ್ರಕ ಐಆರ್‌ಡಿಎಐ ಲೈಸೆನ್ಸ್ ಇರುವ ಮೋಟಾರ್ ಸರ್ವೇಯರ್, ಇಲ್ಲವೇ ಮೆಕ್ಯಾನಿಕಲ್ ಎಂಜಿನಿಯರ್‌ನಿಂದ ವರದಿ ಪಡೆಯಿರಿ. ಗ್ಯಾರೇಜಿನವರ ಲೆಟರ್‌ಹೆಡ್ ಇದಕ್ಕೆ ಸಾಟಿಯಲ್ಲ. ವರದಿಯಲ್ಲಿ ಏನು ಕೆಟ್ಟಿದೆ ಎಂಬುದಷ್ಟೇ ಇದ್ದರೆ ಪ್ರಯೋಜನವಿಲ್ಲ. ಯಾಕೆ ಕೆಟ್ಟಿದೆ, ಎಷ್ಟು ಕಾಲದಿಂದ ಎಂಬುದು ಇರಬೇಕು.

ಹಿಂದಿನ ಮಾಲೀಕರು ಸ್ಟೇಜ್ 1 ಟ್ಯೂನ್ ಹಾಕಿಸಿದ್ದರಂತೆ. ವಾರಂಟಿ ಹೋಯಿತೇ?

ಸ್ಟೇಜ್ 1 ಟ್ಯೂನ್ ಅಂದರೆ ಎಂಜಿನ್ ಸಾಫ್ಟ್‌ವೇರ್ ತಿದ್ದಿ ಶಕ್ತಿ ಹೆಚ್ಚಿಸುವುದು. ತಯಾರಕರ ವಾರಂಟಿಯಲ್ಲಿ ಎಂಜಿನ್, ಟರ್ಬೊ, ಗೇರ್‌ಬಾಕ್ಸ್ ಮಟ್ಟಿಗೆ ಕಷ್ಟವೇ. ಟ್ಯೂನ್ ತೆಗೆದು ಮೂಲ ಸಾಫ್ಟ್‌ವೇರ್ ಹಾಕಿದರೂ ಇಸಿಯುನಲ್ಲಿ (ಎಂಜಿನ್ ನಡೆಸುವ ಕಂಪ್ಯೂಟರ್) ಎಷ್ಟು ಸಲ ಫ್ಲ್ಯಾಶ್ ಆಗಿದೆ, ಅಂದರೆ ಸಾಫ್ಟ್‌ವೇರ್ ಬದಲಾಗಿದೆ ಎಂಬ ಎಣಿಕೆ ಉಳಿಯುತ್ತದೆ, ಕಂಪನಿಗೆ ಕಾಣುತ್ತದೆ. ಆದರೆ ಇದೇ ಅಸ್ತ್ರವನ್ನು ಡೀಲರ್ ಕಡೆಗೆ ತಿರುಗಿಸಬಹುದು. 'ಸ್ಟಾಕ್ ಕಾರು' (ಯಾವ ಮಾರ್ಪಾಡೂ ಇಲ್ಲದ್ದು) ಎಂದು ಮಾರಿ ಟ್ಯೂನ್ ಇದ್ದುದನ್ನು ಹೇಳದಿದ್ದರೆ, ವಾರಂಟಿ ಕೈತಪ್ಪಿದ ನಷ್ಟವೇ ಅವರ ಮೇಲಿನ ನಿಮ್ಮ ಕ್ಲೇಮ್. ಫ್ಲ್ಯಾಶ್ ಎಣಿಕೆ ಮತ್ತು ದಿನಾಂಕವನ್ನು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ನೀವೇ ಟ್ಯೂನ್ ಹಾಕಿಸಿದ್ದರೆ ವಾದಕ್ಕೆ ಇಳಿಯುವ ಮುನ್ನ ಎರಡು ಸಲ ಯೋಚಿಸಿ.

ಹೊರಗಿನ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದ್ದಕ್ಕೆ ವಾರಂಟಿ ಇಲ್ಲ ಅನ್ನುತ್ತಾರೆ.

ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶದಲ್ಲಿ, ಹೊರಗೆ ಕೆಲಸ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟು ರದ್ದು ಮಾಡುವ ಷರತ್ತು ಕೂಡದು, ಆ ಕೆಲಸದಿಂದಲೇ ಹಾನಿಯಾದಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದಿತ್ತು. ಆದೇಶ ಮೇಲ್ಮನವಿಗಳಲ್ಲಿ ಸಿಕ್ಕಿಕೊಂಡಿತು, ಆದರೆ ತರ್ಕ ನಿಮ್ಮ ನೋಟಿಸಿನಲ್ಲಿ ಇರಲಿ. ಜೊತೆಗೆ ಆಯಿಲಿನ ಬಿಲ್ಲು ಬೇಕು, ಅದರಲ್ಲಿ ಸರಿಯಾದ ದರ್ಜೆ ಕಾಣಬೇಕು: ಫೋಕ್ಸ್‌ವ್ಯಾಗನ್, ಸ್ಕೋಡಾ ಪೆಟ್ರೋಲಿಗೆ 502 00 ಅಥವಾ 504 00, ಬಿಎಂಡಬ್ಲ್ಯುಗೆ ಎಲ್‌ಎಲ್ ಸಾಲಿನದು. ಬರೀ '5ಡಬ್ಲ್ಯು-30' ಎಂದಿದ್ದರೆ ಸಾಲದು.

ಡೀಲರ್ ಅಲ್ಲ, ಖಾಸಗಿ ವ್ಯಕ್ತಿಯಿಂದ ಕೊಂಡೆ.

ಹಾಗಾದರೆ ಗ್ರಾಹಕ ಆಯೋಗಕ್ಕೆ ಹೋಗಲಾಗದು, ಅವರು ವ್ಯಾಪಾರಿಯಲ್ಲ. ಸುಳ್ಳು ಹೇಳಿ ಮಾರಿದ್ದರೆ ಸಿವಿಲ್ ದಾವೆ ಹೂಡಬಹುದು. ವಾಟ್ಸ್ಆ್ಯಪ್ ಮಾತುಕತೆಯೇ ಆಧಾರ. ಮಧ್ಯೆ ಕಮಿಷನ್ ಪಡೆದ ಸಂಸ್ಥೆ ಇದ್ದರೆ ಅದರ ಸೇವಾ ನ್ಯೂನತೆಯ ಬಗ್ಗೆ ದೂರು ಕೊಡಬಹುದು. ಕೆಲವು ಡೀಲರುಗಳು ಆರ್‌ಸಿಯನ್ನು ಹಿಂದಿನ ಮಾಲೀಕರ ಹೆಸರಿನಲ್ಲೇ ಬಿಟ್ಟು 'ನಾವು ಬರೀ ಮಧ್ಯವರ್ತಿ' ಅನ್ನುವುದುಂಟು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮೋಟಾರು ವಾಹನ ನಿಯಮಗಳಂತೆ ಸೆಕೆಂಡ್ ಹ್ಯಾಂಡ್ ಡೀಲರುಗಳು ಆರ್‌ಟಿಒ ಅಧಿಕಾರ ಪತ್ರ ಪಡೆಯಬೇಕು, ಮಾಲೀಕರು ಕಾರು ಒಪ್ಪಿಸಿದಾಗ ಫಾರ್ಮ್ 29ಸಿ ಸಲ್ಲಿಕೆಯಾಗಬೇಕು. ಆ ಫಾರ್ಮಿನ ಪ್ರತಿ ಕೇಳಿ. ಹಣ ಯಾರ ಖಾತೆಗೆ ಹೋಯಿತು ಎಂಬ ಬ್ಯಾಂಕ್ ಸ್ಟೇಟ್‌ಮೆಂಟೂ ಮಾತಾಡುತ್ತದೆ.

ಇನ್ಶೂರೆನ್ಸ್‌ನಲ್ಲಿ ಬರುವುದಿಲ್ಲವೇ?

ಯಾಂತ್ರಿಕ ದೋಷಕ್ಕೆ ಇಲ್ಲ. ನೀರು ನುಗ್ಗಿದ್ದಕ್ಕೆ ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಇದ್ದರೆ ಮಾತ್ರ, ಅದೂ ಪಾಲಿಸಿ ನಿಮ್ಮ ಹೆಸರಿಗೆ ಬಂದಿದ್ದರೆ. ಕಾರು ಕೊಂಡ 14 ದಿನದೊಳಗೆ ವರ್ಗಾವಣೆಗೆ ಅರ್ಜಿ ಕೊಡಿ.

ಆಯೋಗಕ್ಕೆ ದೂರು ಕೊಡುವ ಕ್ರಮ, ಖರ್ಚು ಏನು?

ಮೊದಲು ನೋಟಿಸ್, 15 ದಿನದ ಗಡುವಿನೊಂದಿಗೆ, ಸ್ಪೀಡ್ ಪೋಸ್ಟಿನಲ್ಲಿ ಮತ್ತು ಇಮೇಲಿನಲ್ಲಿ. ಅದರ ಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ. ದೊಡ್ಡ ಕಂಪನಿಗಳು ಕೆಲವು ಸಲ ಅಲ್ಲೇ ಬಗ್ಗುತ್ತವೆ.

ಯಾವ ಆಯೋಗ ಎಂಬುದು ಕಾರಿಗೆ ನೀವು ಕೊಟ್ಟ ಬೆಲೆಯ ಮೇಲೆ ನಿಲ್ಲುತ್ತದೆ, ಕೇಳುವ ಪರಿಹಾರದ ಮೇಲಲ್ಲ. 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿಯವರೆಗೆ ರಾಜ್ಯ ಆಯೋಗ. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1000 ರೂಪಾಯಿ. ಕಾರನ್ನು ದೆಹಲಿಯಿಂದಲೋ ಮುಂಬೈಯಿಂದಲೋ ತಂದಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇ-ಜಾಗೃತಿ ಪೋರ್ಟಲಿನಲ್ಲಿ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಕಾಲಮಿತಿ ಎರಡು ವರ್ಷ. ಫೋಟೊ, ವಿಡಿಯೊ, ಚಾಟ್‌ಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರದ ಪ್ರಮಾಣಪತ್ರ ಲಗತ್ತಿಸಿ, ಮೂಲ ಫೋನನ್ನು ಮಾರಬೇಡಿ.

ಎದುರಿನವರಿಗೆ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಇನ್ನೂ 15. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಆ ಲೆಕ್ಕ ನಂಬಿ ಕಾರಿನ ಇಎಂಐ ನಿಲ್ಲಿಸಬೇಡಿ, ಸಾಲ ಬ್ಯಾಂಕಿನದು, ಜಗಳ ಡೀಲರಿನದು.

ಏನು ಕೇಳಬೇಕು ಎಂಬಲ್ಲೂ ಜನ ಎಡವುತ್ತಾರೆ. ಬರೀ ವಾರಂಟಿ ಕಾಗದದ ಮೇಲೆ ಹೋದರೆ ಪೂರ್ತಿ ಹಣ ವಾಪಸ್ ಸಿಗುವುದು ಕಷ್ಟ: ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ವಾರಂಟಿ ಭಾಗ ಬದಲಾವಣೆಗೆ ಮಾತ್ರ ಎಂದಿದ್ದರೆ ಕಾರನ್ನೇ ಬದಲಿಸಲು ಹೇಳಲಾಗದು ಎಂದಿತು. ಆದ್ದರಿಂದ ಮುಖ್ಯ ಬೇಡಿಕೆ ದುರಸ್ತಿ ವೆಚ್ಚ ಇರಲಿ, ಅಧಿಕೃತ ಎಸ್ಟಿಮೇಟ್ ಸಮೇತ. ಅದರ ಜೊತೆ ಟೋ, ತಪಾಸಣೆ, ಪಾರ್ಕಿಂಗ್ ಖರ್ಚು. ಮುಚ್ಚಿಟ್ಟು ಮಾರಿದ್ದಕ್ಕೆ ಪುರಾವೆ ಇದ್ದರೆ ಮಾತ್ರ ಕಾರು ವಾಪಸ್, ಹಣ ವಾಪಸ್.

ಕಾರು ಕಂಪನಿ ಹೆಸರಿನಲ್ಲಿದೆ. ಗ್ರಾಹಕ ಎಂದು ಒಪ್ಪುತ್ತಾರೆಯೇ?

ನಿರ್ದೇಶಕರ ಸ್ವಂತ ಬಳಕೆಗೆ ಕೊಂಡದ್ದಾದರೆ ದಾರಿ ಇದೆ. 2024ರ ಜುಲೈನಲ್ಲಿ ಡೈಮ್ಲರ್ ಕ್ರೈಸ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ಖರೀದಿಯನ್ನು ವಾಣಿಜ್ಯ ಉದ್ದೇಶ ಎಂದು ಎಣಿಸಲಿಲ್ಲ. ಬಾಡಿಗೆಗೆ ಬಿಡುವ ಕಾರಿಗೆ ಇದು ಸಿಗದು.

ನಾನಿರುವುದು ಇಂಗ್ಲೆಂಡಿನಲ್ಲಿ. ಅಮೆರಿಕದಲ್ಲಿರುವ ತಮ್ಮನೂ ಇದನ್ನೇ ಕೇಳುತ್ತಿದ್ದಾನೆ.

ನಿಮ್ಮ ಸ್ಥಿತಿ ಇಲ್ಲಿಯವರಿಗಿಂತ ಎಷ್ಟೋ ವಾಸಿ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ ಡೀಲರಿನಿಂದ ಕೊಂಡ ಕಾರಿನಲ್ಲಿ ದೋಷವಿದ್ದರೆ 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ಹಣ ಪಡೆಯಬಹುದು. ಆರು ತಿಂಗಳೊಳಗೆ ಕಂಡ ದೋಷ ಮಾರಿದಾಗಲೇ ಇತ್ತೆಂದು ಕಾನೂನು ಊಹಿಸುತ್ತದೆ, ಇರಲಿಲ್ಲವೆಂದು ತೋರಿಸಬೇಕಾದವರು ಡೀಲರ್. ಒಂದು ಸಲ ದುರಸ್ತಿಗೆ ಅವಕಾಶ ಕೊಟ್ಟೂ ಸರಿಯಾಗದಿದ್ದರೆ ವಾಪಸ್ ಕೊಡಬಹುದು, ಓಡಿಸಿದ ದೂರಕ್ಕೆ ಸ್ವಲ್ಪ ಕಡಿತವಾಗಬಹುದು. ತಮ್ಮನವರು ಕಾರಿನ ಕಿಟಕಿಗೆ ಅಂಟಿಸಿದ್ದ ಬೈಯರ್ಸ್ ಗೈಡ್ ಎಂಬ ವಾರಂಟಿ ವಿವರದ ಹಾಳೆ ಹುಡುಕಲಿ. 'ಆ್ಯಸ್ ಈಸ್' (ಇರುವ ಸ್ಥಿತಿಯಲ್ಲಿ) ಚೌಕದಲ್ಲಿ ಗುರುತಿದ್ದರೂ, ಡೀಲರ್ ಮಾರಾಟದ 90 ದಿನದೊಳಗೆ ತನ್ನದೇ ಸೇವಾ ಒಪ್ಪಂದವನ್ನೂ ಮಾರಿದ್ದರೆ ಮ್ಯಾಗ್ನಸನ್-ಮಾಸ್ ಕಾಯ್ದೆಯಂತೆ ಅಂತರ್ಗತ ವಾರಂಟಿಯನ್ನು (ಬರೆದಿಲ್ಲದಿದ್ದರೂ ಇದೆ ಎಂದು ಕಾನೂನು ಎಣಿಸುವುದು) ನಿರಾಕರಿಸಲಾಗದು.

ಡೀಲರ್ ಅರ್ಧ ಖರ್ಚು ಕೊಡುತ್ತೇನೆ ಅನ್ನುತ್ತಿದ್ದಾರೆ. ಒಪ್ಪಲೇ?

ಎಸ್ಟಿಮೇಟ್ 3 ಲಕ್ಷ, ನಿಮ್ಮ ಪುರಾವೆ ಸಾಧಾರಣ ಎಂದಾದರೆ ಒಪ್ಪುವುದೇ ಜಾಣತನ. ಮೊದಲು ನಾಲ್ಕು ವಿಷಯ ಬರೆಸಿಕೊಳ್ಳಿ: ಹೊಸ ಭಾಗವೋ ಗುಜರಿಯಿಂದ ತಂದ ಹಳೆಯ ಎಂಜಿನ್ನೋ, ಕೆಲಸ ಯಾವ ವರ್ಕ್‌ಶಾಪಿನಲ್ಲಿ, ಆ ಕೆಲಸಕ್ಕೆ ಎಷ್ಟು ತಿಂಗಳ ವಾರಂಟಿ, ಮತ್ತೆ ಅದೇ ದೋಷ ಬಂದರೆ ಯಾರ ಖರ್ಚು. ಎಂಜಿನ್ ಬದಲಾದರೆ ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಸೇರಬೇಕು, ಅದರ ಮೂಲ ಬಿಲ್ಲೂ ಬೇಕು. ಇಲ್ಲದಿದ್ದರೆ ಮುಂದೆ ಕಾರು ಮಾರುವಾಗಲೂ ಇನ್ಶೂರೆನ್ಸ್ ಕ್ಲೇಮಿನಲ್ಲೂ ಆರ್‌ಟಿಒ ಬಾಗಿಲಲ್ಲಿ ನಿಲ್ಲುವವರು ನೀವು. 'ಇನ್ನಾವ ಕ್ಲೇಮೂ ಇಲ್ಲ' ಎಂಬ ಕಾಗದಕ್ಕೆ ಸಹಿ ಹಾಕುವುದು ಕಾರು ಕೈಗೆ ಬಂದು, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ನೋಡಿ, ಸ್ಕ್ಯಾನರ್ ಹಾಕಿಸಿ, ಕನಿಷ್ಠ 100 ಕಿಲೋಮೀಟರ್ ಓಡಿಸಿದ ಮೇಲೆ.